ಬಸದಿಹಳ್ಳಿಯ ಕನ್ನಡಿ ಕಂಬಗಳು: ತಿರುಗಣೆ ಎಲ್ಲಿಗೆ ಮುಗಿಯಿತು, ಉಜ್ಜುವಿಕೆ ಎಲ್ಲಿಂದ ಮೊದಲಾಯಿತು?

ಪರ್ಸಿ ಬ್ರೌನ್ ಅವರ ಭಾರತೀಯ ವಾಸ್ತುಶಿಲ್ಪದ ಗ್ರಂಥ 1942ರಲ್ಲಿ ಬಂತು. ಹೊಯ್ಸಳರ ದುಂಡು ಕಂಬಗಳು ಹೇಗಾದವು ಎಂಬುದನ್ನು ಅದರಲ್ಲಿ ಅವರು ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸಿದ್ದಾರೆ. ಒರಟಾಗಿ ಕಡಿದುಕೊಂಡ ಏಕಶಿಲೆಯನ್ನು ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಿ, ಅದು ತಿರುಗುವಾಗ ಉಳಿ ಒಡ್ಡಿದರು ಎಂಬುದು ಅವರ ವಿವರಣೆ. ಮುಂದೆ ಬಂದವರು ಈ ಸಾಲುಗಳನ್ನು ಎತ್ತಿಕೊಂಡರು, ತೂಗಿ ನೋಡಲಿಲ್ಲ. ಆಕಾರದ ಬಗ್ಗೆ ಬ್ರೌನ್ ಹೇಳಿದ್ದನ್ನು ಹೊಳಪಿಗೂ ಅನ್ವಯಿಸಿ, ಹಳೇಬೀಡಿನ ಬಸದಿಹಳ್ಳಿಯ ಪಾರ್ಶ್ವನಾಥ ಬಸದಿಯ ಕಂಬ ಕನ್ನಡಿಯಾದದ್ದು ತಿರುಗಣೆಯಿಂದಲೇ ಎಂದು ಬರೆಯತೊಡಗಿದರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಈ ಮಾತಿಗೆ ರೆಕ್ಕೆ ಬಂದಿದೆ. (ಹನ್ನೆರಡನೆಯ ಶತಮಾನದಲ್ಲೇ ವಿದ್ಯುತ್ ಯಂತ್ರಗಳಿದ್ದವು ಎನ್ನುವ ವಿಡಿಯೊಗಳಿಗೆ ಉತ್ತರಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಅವುಗಳ ಬೀಜ ನಮ್ಮ ವಿದ್ವಾಂಸರ ಅಡಿಟಿಪ್ಪಣಿಗಳಲ್ಲೇ ಇದೆಯೆಂಬುದನ್ನು ಮರೆಮಾಚಲಾಗದು.)

ಕಂಬಗಳು ತಿರುಗಣೆಯವು ಎಂಬುದರಲ್ಲಿ ನನಗೆ ತಕರಾರಿಲ್ಲ. ಆಕಾರ ಕೊಡುವುದು ಒಂದು ಕೆಲಸ, ಮೆರುಗು ಕೊಡುವುದು ಇನ್ನೊಂದು ಎಂಬುದಷ್ಟೇ ನನ್ನ ವಾದ. ಎರಡಕ್ಕೂ ಪುರಾವೆ ಒಂದೇ ಕಂಬದಲ್ಲಿ ಸಿಗುವುದರಿಂದ ಗೊಂದಲವಾಗಿದೆ.

ಬಸದಿಯನ್ನು ಕಟ್ಟಿಸಿದವನು ಬೊಪ್ಪ. ತಂದೆ ಗಂಗರಾಜನ ನೆನಪಿಗೆ 1133ರಲ್ಲಿ ಕಟ್ಟಿಸಿದ್ದು. ತಂದೆಯ ಬಿರುದಿನಿಂದ ಅದು ದ್ರೋಹಘರಟ್ಟ ಜಿನಾಲಯ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ, ಎಂದರೆ ಇವೆರಡರ ನಡುವೆ ಹದಿನಾರು ವರ್ಷಗಳ ಅಂತರ. ನವರಂಗದ ಕಂಬದೆದುರು ಪ್ರವಾಸಿಯನ್ನು ನಿಲ್ಲಿಸಿ ಗೈಡುಗಳು ತೋರಿಸುವುದು ಎರಡು ಬಿಂಬಗಳನ್ನು: ಒಂದೆಡೆ ನೆಟ್ಟಗಿರುವುದು, ಇನ್ನೊಂದೆಡೆ ತಲೆಕೆಳಗಾದದ್ದು. ಇದನ್ನು ಮಾಯೆಯೆಂದು ಹೇಳಿ ಕಳಿಸುತ್ತಾರೆ. ಆದರೆ ನಮ್ಮ ಚರ್ಚೆಗೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇರೊಂದಿಲ್ಲ. ಇದನ್ನು ಸಾಕ್ಷ್ಯವೆಂದು ಓದಿದವರು ವಿರಳ.

ಕಂಬದ ಉಬ್ಬಿದ ಭಾಗ, ಗಂಟೆಯ ಆಕಾರದ್ದು, ಪೀನ ದರ್ಪಣ. ಅದರಲ್ಲಿ ಬಿಂಬ ಕಿರಿದಾಗುತ್ತದೆ, ಆದರೆ ನೆಟ್ಟಗೇ ಇರುತ್ತದೆ. ಎರಡು ಬಳೆಗಳ ನಡುವೆ ಒಳಸರಿದ ಕೊರಳು ಮೇಲಿನಿಂದ ಕೆಳಕ್ಕೆ ನೋಡಿದರೆ ನಿಮ್ನ. ನಿಮ್ನ ದರ್ಪಣದ ಸಂಗಮದೂರ ಅದರ ವಕ್ರತೆಯ ತ್ರಿಜ್ಯದ ಅರ್ಧ. ಕೊರಳಿನ ತ್ರಿಜ್ಯ ಕೆಲವೇ ಅಂಗುಲವಾದರೆ, ಒಂದು ಮಾರು ದೂರದಲ್ಲಿ ನಿಂತವನು ಆ ಬಿಂದುವಿನ ಆಚೆಗೇ ಇರುತ್ತಾನೆ, ಬಿಂಬ ಮಗುಚಲೇಬೇಕು. ಅಡ್ಡಡ್ಡಲಾಗಿ ಮಾತ್ರ ಕೊರಳೂ ಉಬ್ಬಿಯೇ ಇದೆ, ಏಕೆಂದರೆ ಕಂಬ ದುಂಡು. ಹಾಗಾಗಿ ಎಡಬಲ ಅದಲುಬದಲಾಗದೆ, ಮನುಷ್ಯ ತಲೆಕೆಳಗೆ ನಿಲ್ಲುತ್ತಾನೆ.

ಈ ಬಿಂಬ ಚೂರಾಗದೆ ಮೂಡಬೇಕಾದರೆ ಎರಡು ಬೇರೆ ಬೇರೆ ಷರತ್ತುಗಳು ಕೂಡಿಬರಬೇಕು. ಮೊದಲನೆಯದು, ಕೊರಳಿನ ವಕ್ರತೆ ಕಂಬದ ಸುತ್ತ ಒಂದೇ ಸಮನಾಗಿರಬೇಕು. ಬರಿಗೈ ಉಳಿಯಿಂದ ಇದು ಆಗದ ಮಾತು. ಇಲ್ಲಿ ತಿರುಗಣೆಯ ಪಾತ್ರವಿದೆ, ಬ್ರೌನ್ ಸರಿ. ಎರಡನೆಯದು, ಮೇಲ್ಮೈಯ ಗೀರುಗಳು ಬೆಳಕನ್ನು ಚೆದುರಿಸದಷ್ಟು ಸಣ್ಣವಾಗಿರಬೇಕು. ತಿರುಗುವ ಕಲ್ಲಿಗೆ ಉಳಿ ಒಡ್ಡಿದರೆ ಏನಾಗುತ್ತದೆ ಎಂಬುದು ಲೇತ್ ಕಂಡ ಯಾರಿಗೂ ಗೊತ್ತು: ಮೊನೆ ಸಾಗಿದ ದಾರಿ ಗೆರೆಗೆರೆಯಾಗಿ ಉಳಿಯುತ್ತದೆ. ಎಷ್ಟು ವೇಗವಾಗಿ ತಿರುಗಿಸಿದರೂ ಉಳಿ ತಾನಾಗಿ ಕನ್ನಡಿ ಮಾಡದು. ಗೆರೆಗಳನ್ನು ಅಳಿಸಲು ಉಳಿಯನ್ನು ಕೆಳಗಿಟ್ಟು ಬೇರೇನನ್ನೋ ಕೈಗೆತ್ತಿಕೊಳ್ಳಬೇಕು. ಚನ್ನಪಟ್ಟಣದ ಆಟಿಕೆಯವರು ಇಂದಿಗೂ ಹೀಗೇ ಮಾಡುತ್ತಾರೆ. ಮರವನ್ನು ಉಳಿಯಿಂದ ಕಡೆದು, ಅರಗು ಹಚ್ಚಿ, ಕೊನೆಗೆ ಕೇದಗೆಯ ಗರಿ ಒತ್ತಿ ಮೆರುಗು ತರುತ್ತಾರೆ. ತಿರುಗುವುದು ಒಂದೇ ಯಂತ್ರ, ಹಿಡಿಯುವ ಸಾಧನ ಮೂರು.

ಹೊಳಪಿಗೆ ತಿರುಗಣೆ ಅನಿವಾರ್ಯವಲ್ಲ ಎಂಬುದಕ್ಕೆ ಹಳೇಬೀಡಿನಲ್ಲೇ ಇನ್ನೊಂದು ಸಾಕ್ಷಿಯಿದೆ: ಹೊಯ್ಸಳೇಶ್ವರದ ಎದುರಿನ ನಂದಿ. ಅದರ ಮೈಯೂ ಮಿರುಗುತ್ತದೆ. ನಂದಿಯನ್ನು ಯಾವ ಚಕ್ರದ ಮೇಲೆ ಕೂರಿಸಿದರು? ಹೊಳಪು ಕಂಡಲ್ಲೆಲ್ಲ ತಿರುಗಣೆ ಹುಡುಕುವವರು ಇದಕ್ಕೆ ಮೊದಲು ಉತ್ತರ ಕೊಡಲಿ. ಬೇಲೂರಿನ ನಕ್ಷತ್ರಾಕಾರದ ಏಣುಗಳ ಕಂಬಗಳಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಏಣು ಉಳಿಸಿಕೊಂಡೇ ತಿರುಗಿಸಿ ಕಡೆಯಲಾಗದು.

ಉತ್ತರ ಕಲ್ಲಿನಲ್ಲಿದೆ. ಈ ಕಂಬಗಳ ಬಳಪದ ಕಲ್ಲಿನಲ್ಲಿ ಮೋಸ್ ಮಾನದಂಡದಲ್ಲಿ 1ರಷ್ಟೇ ಗಡಸಿನ ಟಾಲ್ಕ್, 2ರಿಂದ 2.5ರ ಕ್ಲೋರೈಟ್ ಇವೆ. ಮರಳಿನ ಸ್ಫಟಿಕ 7. ಹೊಳೆಯ ಮರಳು, ನೀರು ಸಾಕು, ಕಲ್ಲು ಸವೆಯುತ್ತದೆ. ಆದರೆ ಮರಳಿನಲ್ಲೇ ನಿಲ್ಲಿಸಿದರೆ ಮಬ್ಬು. ಮುಂದೆ ಅದಕ್ಕಿಂತ ನುಣ್ಣಗಿನ ಪುಡಿ ಬೇಕು. ಅದೇ ಕಲ್ಲಿನ ಹುಡಿಯನ್ನು ಬಟ್ಟೆಯಲ್ಲೋ ತೊಗಲಿನಲ್ಲೋ ಹಚ್ಚಿ ಉಜ್ಜಿದರೂ ಇಷ್ಟು ಮೆತ್ತನೆಯ ಕಲ್ಲು ಮೆರುಗು ತಾಳುತ್ತದೆ. ಗ್ರಾನೈಟಿಗೆ ಈ ದಾರಿ ಸಾಗದು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದಕ್ಕೆ ತೂಕವೂ ಇದೆ. ಉಜ್ಜಿದ್ದರೆ ಅಂಚುಗಳು ಸವೆದು ಮೊಂಡಾಗಬೇಕಿತ್ತು, ಕಂಬದ ತೆಳು ಬಳೆಗಳ ಅಂಚು ಇಂದಿಗೂ ಚೂಪಾಗಿದೆಯಲ್ಲ ಎಂಬುದು. ಉಜ್ಜುವಿಕೆ ಅಂಚನ್ನು ತಿನ್ನುತ್ತದೆ ಎಂಬುದು ನಿಜವೇ. ಬೆಂಗಳೂರಿನ ಪೀಣ್ಯದ ವರ್ಕ್‌ಶಾಪುಗಳಲ್ಲಿ ಲೋಹದ ಬಿಡಿಭಾಗಗಳ ಬರ್ (ಅಂಚಿನ ಮುಳ್ಳು) ತೆಗೆಯಲು ವೈಬ್ರೇಟರ್ ಬಳಸುತ್ತಾರೆ. ಬಾಣಲೆಯಂಥ ತೊಟ್ಟಿಗೆ ಭಾಗಗಳನ್ನೂ ಸೆರಾಮಿಕ್ ಹರಳುಗಳನ್ನೂ ಸುರಿದು, ನೀರು, ಕಾಂಪೌಂಡ್ ಹಾಕಿ, ಒಂದು ಬದಿಗೆ ಭಾರ ಕಟ್ಟಿದ ಮೋಟಾರಿನಿಂದ ತೊಟ್ಟಿಯನ್ನು ನಡುಗಿಸುತ್ತಾರೆ. ಹರಳುಗಳು ಎಲ್ಲ ದಿಕ್ಕಿನಿಂದಲೂ ತೀಡುತ್ತವೆ. ಆದರೆ ಒತ್ತಡ ಮೂಲೆಗಳಲ್ಲಿ ಸೇರುವುದರಿಂದ ಮೊದಲು ಹೋಗುವುದು ಬರ್, ಆಮೇಲೆ ಅಂಚಿನ ಚೂಪು, ಸಮತಟ್ಟು ಮೈ ಕೊನೆಗೆ. ಹೆಚ್ಚು ಹೊತ್ತು ಬಿಟ್ಟರೆ ಎಳೆಗಳಿಗೆ (ಸ್ಕ್ರೂ ಥ್ರೆಡ್‌ಗಳಿಗೆ) ಏಟು ಬೀಳುತ್ತದೆಂದು ಅಲ್ಲಿನವರು ಟೈಮ್ ಕಾಯುತ್ತಾರೆ.

ಹಾಗಾದರೆ ಚೂಪು ಅಂಚು ಹೇಳುವುದೇನು? ಉಜ್ಜಲೇ ಇಲ್ಲ ಎಂದಲ್ಲ, ಹೆಚ್ಚು ಉಜ್ಜುವ ಅಗತ್ಯವೇ ಬೀಳಲಿಲ್ಲ ಎಂದು. ತಿರುಗಣೆಯವನು ತನ್ನ ಕೊನೆಯ ಸುತ್ತುಗಳಲ್ಲಿ ತೀರ ತೆಳುವಾಗಿ ತೆಗೆದು, ಉಜ್ಜುವವನಿಗೆ ಸ್ವಲ್ಪವೇ ಕೆಲಸ ಬಿಟ್ಟ. ಯಂತ್ರವಾದಿಗಳು ಅಂಚನ್ನು ತೋರಿಸಿ ಹೊಳಪನ್ನು ಯಂತ್ರಕ್ಕೆ ಬರೆದುಕೊಡುತ್ತಾರೆ. ಅದೇ ಅಂಚು ಇಬ್ಬರು ಕೆಲಸಗಾರರ ನಡುವಿನ ಹೊಂದಾಣಿಕೆಯ ದಾಖಲೆಯೆಂದು ಓದುವುದು ಹೆಚ್ಚು ನ್ಯಾಯ.

ಇನ್ನೊಂದು ಎಚ್ಚರ ಬೇಕು. ಎಂಟುನೂರು ವರ್ಷಗಳ ಕೈ, ಬೆನ್ನು, ಎಣ್ಣೆ ಸಹ ಕಲ್ಲಿಗೆ ಮೆರುಗು ತರುತ್ತವೆ. ಅರಸೀಕೆರೆಯ 1220ರ ಈಶ್ವರ ದೇವಾಲಯದ ನಕ್ಷತ್ರಾಕಾರದ ತೆರೆದ ಮಂಟಪದಲ್ಲಿ ಜನ ಕಕ್ಷಾಸನಕ್ಕೆ ಒರಗಿ ಕೂರುತ್ತಲೇ ಬಂದಿದ್ದಾರೆ. ಅಲ್ಲಿ ಹೊರಸಾಲಿನ ಕಂಬಕ್ಕೆ ಮಳೆ ಬಿಸಿಲು, ಒಳಸಾಲಿನದಕ್ಕೆ ನೆರಳು. ಒಂದರ ಮೆರುಗನ್ನು ಇನ್ನೊಂದರ ಜೊತೆ ಹೋಲಿಸಿ ಶತಮಾನದ ತೀರ್ಪು ಕೊಡುವುದು ಆತುರ. ಮೂಲ ಮೆರುಗು ಬೇಕಾದವರು ಕೈಗೆಟುಕದ ಎತ್ತರದಲ್ಲಿ, ಬೋದಿಗೆಯ ಕೆಳಗಿನ ಕೊರಳಿನಲ್ಲಿ ನೋಡಬೇಕು. ಬಸದಿಯ ಕಂಬ ಅಲ್ಲಿಯೂ ಹೊಳೆಯುತ್ತದೆ. ಭಕ್ತರ ಅಂಗೈಗೆ ಇದರ ಕೀರ್ತಿ ಸಲ್ಲದು.

ಇನ್ನು ಉಳಿದದ್ದು ಬ್ರೌನ್ ಅವರ "ನೆಟ್ಟಗೆ". ಎರಡೂವರೆ ಮೀಟರ್ ಎತ್ತರ, ಅರ್ಧ ಮೀಟರ್ ವ್ಯಾಸದ ಕಂಬವೊಂದನ್ನು ಊಹಿಸಿಕೊಂಡರೆ ಅದರ ತೂಕ ಒಂದೂಕಾಲು ಟನ್ನು ದಾಟುತ್ತದೆ. ನೆಟ್ಟಗೆ ನಿಲ್ಲಿಸಿದರೆ ಅಷ್ಟೂ ಭಾರ ಒಂದೇ ಗೂಟದ ಮೇಲೆ. ಮಲಗಿಸಿದರೆ ಎರಡು ತುದಿಗಳಿಗೆ ಹಂಚಿಹೋಗುತ್ತದೆ, ಆದರೆ ಉಳಿಯ ಒತ್ತಿಗೆ ಕಲ್ಲು ಕುಣಿಯದಂತೆ ಎರಡೂ ತುದಿಗಳನ್ನು ಒಂದೇ ಗೆರೆಗೆ ತರುವುದು ಕಷ್ಟ. ಬೇಲೂರಿನ ನರಸಿಂಹ ಕಂಬ ಹಿಂದೆ ತಿರುಗುತ್ತಿತ್ತೆಂಬ ಐತಿಹ್ಯವನ್ನು ಬ್ರೌನ್ ಪಕ್ಷಕ್ಕೆ ಸಾಕ್ಷಿ ಹೇಳಿಸುವವರಿದ್ದಾರೆ. ಅದು ಕಥೆ, ಕಥೆಯಾಗಿಯೇ ಚೆನ್ನ. ನಿಜವಾದ ಸಾಕ್ಷಿ ಕಂಬದ ತಳದಲ್ಲಿದೆ. ಅಲ್ಲಿ ಸಿಗುವ ಕುಳಿ ಕಂಬವನ್ನು ಪೀಠಕ್ಕೆ ಕೂಡಿಸಲು ತೋಡಿದ್ದಾದರೆ ಉಳಿಯ ಕಚ್ಚುಗಳಿರಬೇಕು, ಚೌಕವೂ ಇರಬಹುದು. ತಿರುಗಿದ ಕುಳಿಯಾದರೆ ದುಂಡಗಿದ್ದು, ಒಳಗೋಡೆಯಲ್ಲಿ ಸುತ್ತುಗೀರುಗಳು ಬಿದ್ದಿರಬೇಕು. ಅಂಥ ಕುಳಿ ತಳದಲ್ಲಿ ಮಾತ್ರವೇ ಆಳವಾಗಿ ಸವೆದಿದ್ದರೆ ಬ್ರೌನ್ ಗೆದ್ದರು, ಎರಡು ತುದಿಗಳಲ್ಲೂ ಸಮನಾಗಿ ಸವೆದಿದ್ದರೆ ಕಂಬ ಮಲಗಿಯೇ ತಿರುಗಿತು. ಬಿಡಿಯಾಗಿ ಬಿದ್ದ ಕಂಬದ ತುಂಡು ಸಿಕ್ಕಲ್ಲೆಲ್ಲ ಮೊದಲು ಮಗುಚಿ ನೋಡಬೇಕಾದದ್ದು ಇದನ್ನೇ.