ಉಜ್ಜು
ಪಾತ್ರೆ, ಹಲ್ಲು, ಬೆನ್ನು ಉಜ್ಜುವ ಅಚ್ಚಗನ್ನಡ ಕ್ರಿಯಾಪದಕ್ಕೆ ಕ್ರೆಡಿಟ್ ಕಾರ್ಡೂ ಸೇರಿದ್ದು ಅದರ ಕಪ್ಪು ಪಟ್ಟಿಯನ್ನು ಯಂತ್ರದ ಸೀಳಿನಲ್ಲಿ ಎಳೆಯುತ್ತಿದ್ದ ಕಾಲದಲ್ಲಿ. ಶಿವಾಜಿನಗರದ ಉರ್ದುವಿನಲ್ಲಿ ‘ಘಿಸ್ನಾ’, ಹಲಸೂರಿನ ತಮಿಳಿನಲ್ಲಿ ‘ತೇಯ್’, ಎಲ್ಲವೂ ತಿಕ್ಕುವುದೇ. ಚಿಪ್, ಟ್ಯಾಪ್ ಬಂದರೂ ಪದ ಸವೆದಿಲ್ಲ. ‘ಐವತ್ತು ಸಾವಿರ ಉಜ್ಜಿ ಕ್ಯಾಶ್ ತಗೊಂಡೆ’ ಎಂದರೆ ಸಾಮಾನು ಕೊಂಡಿಲ್ಲ; ಅಂಗಡಿಯವ ಕಮಿಷನ್ ಹಿಡಿದು ನೋಟು ಕೊಟ್ಟಿದ್ದಾನೆ. ಬ್ಯಾಂಕಿಗೆ ಸುಳಿವು ಸಿಗುವುದು ಇಂಥ ದುಂಡು ಮೊತ್ತದಿಂದ, ಪದೇಪದೇ ಅದೇ ಯಂತ್ರದಿಂದ, ಬಾಕಿ ಕಟ್ಟಿದ ದಿನವೇ ಮತ್ತೆ ಬರಿದಾಗುವ ಲಿಮಿಟ್‌ನಿಂದ. ಆಮೇಲೆ ರಿವಾರ್ಡ್ ಪಾಯಿಂಟ್ ವಾಪಸ್, ಲಿಮಿಟ್ ಕಡಿತ, ಕೊನೆಗೆ ಕಾರ್ಡೇ ಬಂದ್. ಬಾಡಿಗೆಯ ಹೆಸರಲ್ಲಿ ನೆಂಟರ ಖಾತೆಗೆ ಉಜ್ಜುವ ಜಾಣರೂ ಇದ್ದರು. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದದ್ದೇ, ಇಂದಿರಾನಗರದ ಕ್ರೆಡ್ ಸೇರಿದಂತೆ ಹಲವು ಆ್ಯಪ್‌ಗಳು ಕಾರ್ಡಿನಿಂದ ಬಾಡಿಗೆ ಕಟ್ಟುವ ಸೌಲಭ್ಯವನ್ನೇ ನಿಲ್ಲಿಸಿದವು.