ಕೈಯಿಂದ ಕೈಗೆ: ನಮ್ಮ ಸೀಮೆಯ ಓದಿನ ಕಥೆ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆಗೆ ಜಾಗ ಬಿಟ್ಟುಕೊಟ್ಟ ಹಿರಿಯರ ಬಗ್ಗೆ, ಕಟ್ಟಡ ಎದ್ದ ಬಗ್ಗೆ, ಮೊದಲ ತಂಡದ ಫಲಿತಾಂಶದ ಬಗ್ಗೆ ನನಗಿಂತ ಬಲ್ಲವರು ಬರೆಯುತ್ತಿದ್ದಾರೆ. ನಾನು ಆರಿಸಿಕೊಂಡದ್ದು ಮುಖ್ಯೋಪಾಧ್ಯಾಯರ ಕೊಠಡಿಯ ಮೂಲೆಯಲ್ಲಿದ್ದ ಕಬ್ಬಿಣದ ಬೀರುವನ್ನು. ಅದರಲ್ಲಿ ನಮ್ಮ ಶಾಲೆಯ ಗ್ರಂಥಾಲಯವಿತ್ತು. ಆ ಬೀರುವಿಗೆ ನಾನೊಂದು ಸಾಲ ತೀರಿಸಬೇಕಾಗಿದೆ. ಅದನ್ನು ಹೇಳುವ ಮೊದಲು, ಪುಸ್ತಕ ಎಂಬುದು ನಮ್ಮ ತೆಂಗಿನ ಸೀಮೆಯಲ್ಲಿ ಹೇಗೆ ಕೈಯಿಂದ ಕೈಗೆ ಬಂತು ಎಂಬುದನ್ನು ತಿಳಿದಷ್ಟು ಹೇಳುತ್ತೇನೆ.

ಜಗಲಿಯ ಮೇಲಿನ ಓದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಒಬ್ಬನೇ ಕೂತು ಮನಸ್ಸಿನಲ್ಲೇ ಓದಿಕೊಳ್ಳುವ ಅಭ್ಯಾಸ ತೀರ ಈಚಿನದು. ನಮ್ಮ ತಾತಂದಿರ ಕಾಲದಲ್ಲಿ ಓದುವುದೆಂದರೆ ಒಬ್ಬರು ಓದಿ ಹತ್ತಾರು ಜನ ಕೇಳುವುದು. ಊರಿಗೊಂದೋ ಎರಡೋ ಪುಸ್ತಕ ಇರುತ್ತಿದ್ದವು. ಕುಮಾರವ್ಯಾಸ ಭಾರತ ಒಂದು, ಜೈಮಿನಿ ಭಾರತ ಇನ್ನೊಂದು. ಜೈಮಿನಿ ಭಾರತದ ಲಕ್ಷ್ಮೀಶ ಕವಿಯ ದೇವನೂರು ಕಡೂರು ತಾಲ್ಲೂಕಿನಲ್ಲಿದೆ, ನಮಗೇನೂ ದೂರವಲ್ಲ. ಶ್ರಾವಣದಲ್ಲಿ ದೇವಸ್ಥಾನದ ಜಗಲಿಯ ಮೇಲೆ ಒಬ್ಬರು ರಾಗವಾಗಿ ಪದ್ಯ ಓದುವರು, ಇನ್ನೊಬ್ಬರು ಅರ್ಥ ಹೇಳುವರು. ಮಳೆ ಕೈಕೊಟ್ಟ ವರ್ಷ ವಿರಾಟಪರ್ವ ಓದಿಸುವುದಂತೂ ನಡೆದುಬಂದ ಪದ್ಧತಿ.

ಇದನ್ನು ನೆನೆದು ಹೆಮ್ಮೆ ಪಡುವವರು ಬಹಳ. ನನಗೂ ಹೆಮ್ಮೆಯಿದೆ. ಆದರೆ ಚರಿತ್ರೆ ಬರೆಯುವಾಗ ಯಾರು ಎಲ್ಲಿ ಕೂತಿದ್ದರು ಎಂಬುದನ್ನೂ ಬರೆಯಬೇಕಾಗುತ್ತದೆ. ಜಗಲಿಯ ಮೇಲೆ ಕೆಲವರು, ಜಗಲಿಯ ಕೆಳಗೆ ಕೆಲವರು, ಬೀದಿಯ ಆಚೆ ಬದಿಗೆ ಕೆಲವರು. ಹೆಂಗಸರು ಬಾಗಿಲ ಮರೆಯಲ್ಲಿ. ದನಿ ಎಲ್ಲರಿಗೂ ಕೇಳುತ್ತಿತ್ತು, ಪುಸ್ತಕ ಮುಟ್ಟುವವರು ಮಾತ್ರ ಇಬ್ಬರೋ ಮೂವರೋ. ನನ್ನ ಅಜ್ಜಿಗೆ ಜೈಮಿನಿಯ ಚಂದ್ರಹಾಸನ ಕಥೆ ಮೊದಲಿಂದ ಕೊನೆಯವರೆಗೆ ಬರುತ್ತಿತ್ತು. ಪುಸ್ತಕವನ್ನು ಅವಳು ಒಮ್ಮೆಯೂ ಕೈಯಲ್ಲಿ ಹಿಡಿದವಳಲ್ಲ.

ಹಂಚಿ ಓದಿದ ಇಬ್ಬರು ಹಿರಿಯರು

ಕನ್ನಡದ ಓದಿನ ದಿಕ್ಕನ್ನೇ ಬದಲಿಸಿದ ಇಬ್ಬರು ಹುಟ್ಟಿದ್ದು ನಮ್ಮ ಸೀಮೆಯಲ್ಲಿ ಎಂಬುದನ್ನು ನಮ್ಮ ಮಕ್ಕಳಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ.

ಮೊದಲನೆಯವರು ಬಿ.ಎಂ. ಶ್ರೀಕಂಠಯ್ಯನವರು. ಮನೆತನ ಬೆಳ್ಳೂರಿನದಾದರೂ ಅವರು 1884ರ ಜನವರಿ 3ರಂದು ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಇಂಗ್ಲಿಷ್ ಪಾಠ ಹೇಳುತ್ತಿದ್ದ ಈ ಪ್ರಾಧ್ಯಾಪಕರು ತಾವು ಓದಿ ಮೆಚ್ಚಿದ ಕವಿತೆಗಳನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಸುಮಾರು 60 ಕವಿತೆಗಳನ್ನು ಕನ್ನಡಕ್ಕೆ ತಂದು, 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂದು ಅಚ್ಚು ಹಾಕಿಸಿದರು. ಹೊಸಗನ್ನಡ ಕವಿತೆಗೆ ಆ ಪುಸ್ತಕ ದಾರಿಯಾಯಿತು. ನಾನು ಓದಿದ್ದು ನಿನಗೂ ಸಿಗಲಿ ಎಂಬ ಆಸೆಯೇ ಅದರ ಮೂಲವೆಂದು ನನಗೆ ಅನಿಸುತ್ತದೆ.

ಎರಡನೆಯವರು ತೀ.ನಂ. ಶ್ರೀಕಂಠಯ್ಯನವರು. 1906ರಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದರು. ಹೆಸರಿನ ಮೊದಲಿನ ‘ತೀ’ ಎಂದರೆ ತೀರ್ಥಪುರವೇ. ಬಿ.ಎಂ.ಶ್ರೀ ಅವರ ಶಿಷ್ಯರು. ಸಂಸ್ಕೃತ ಬಲ್ಲ ಕೆಲವರಿಗಷ್ಟೇ ತೆರೆದಿದ್ದ ಕಾವ್ಯಶಾಸ್ತ್ರವನ್ನು 1953ರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಕನ್ನಡ ಬಲ್ಲ ಯಾರಾದರೂ ಓದಿ ತಿಳಿಯುವಂತೆ ಬರೆದರು. ನಮ್ಮ ಕಾಲದ ವಿದ್ಯಾರ್ಥಿಗಳಿಗೆ ಅವರು ಹೆಚ್ಚು ಪರಿಚಯವಾದದ್ದು ‘ಕನ್ನಡ ಮಧ್ಯಮ ವ್ಯಾಕರಣ’ದಿಂದ.

ಗುರು ಇಂಗ್ಲಿಷಿನಿಂದ ತಂದರು, ಶಿಷ್ಯರು ಸಂಸ್ಕೃತದಿಂದ ತಂದರು. ಇಬ್ಬರೂ ಹಂಚಿದರು.

ಹಳ್ಳಿಗೆ ಪುಸ್ತಕ ಬಂದ ಬಗೆ

ಬೆಂಗಳೂರಿನಿಂದ ಹರಿಹರದವರೆಗಿನ ರೈಲು ದಾರಿ 1889ರ ಹೊತ್ತಿಗೆ ಮುಗಿದು, ತಿಪಟೂರಿಗೆ ಹೊರಗಿನ ಸುದ್ದಿ, ಪತ್ರಿಕೆ ಬರಲು ಸುಲಭವಾಯಿತು. ಆದರೆ ರೈಲು ನಿಲ್ದಾಣದಿಂದ ಹಳ್ಳಿಯ ಮನೆಯವರೆಗಿನ ದಾರಿ ಇನ್ನೂ ಉದ್ದವಾಗಿಯೇ ಇತ್ತು. 1940ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ವಯಸ್ಕರ ಶಿಕ್ಷಣದ ಕೆಲಸ ಆರಂಭವಾಗಿ, ರಾತ್ರಿ ಶಾಲೆಗಳ ಜೊತೆಗೆ ಹಳ್ಳಿಗಳಲ್ಲಿ ಚಿಕ್ಕ ಚಿಕ್ಕ ಗ್ರಂಥಾಲಯಗಳೂ ಎದ್ದವು. ವಯಸ್ಕರ ಶಿಕ್ಷಣ ಸಮಿತಿಯವರು ಹೊಸದಾಗಿ ಓದು ಕಲಿತವರಿಗೆಂದು ‘ಬೆಳಕು’ ವಾರಪತ್ರಿಕೆಯನ್ನೂ, ಪುಸ್ತಕಗಳ ಪರಿಚಯಕ್ಕೆಂದೇ ‘ಪುಸ್ತಕ ಪ್ರಪಂಚ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಯಾವ ಪುಸ್ತಕ ಓದಬಹುದೆಂದು ಹಳ್ಳಿಯ ಓದುಗನಿಗೆ ಹೇಳಲು ಒಂದು ಪತ್ರಿಕೆ ಇತ್ತು ಎಂಬುದೇ ಇಂದು ಆಶ್ಚರ್ಯ ತರುತ್ತದೆ.

ಮುಂದೆ 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂತು. ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ವಸೂಲು ಮಾಡುವ ಏರ್ಪಾಡಾಯಿತು. ಕಂದಾಯದ ರಸೀದಿಯಲ್ಲಿ ಗ್ರಂಥಾಲಯ ಕರ ಎಂಬ ಸಾಲನ್ನು ನಾವು ಎಷ್ಟು ಜನ ಗಮನಿಸಿದ್ದೇವೆ? ಅಲ್ಲಿನ ಪುಸ್ತಕಗಳಿಗೆ ನಾವೇ ಹಣ ಕಟ್ಟಿದ್ದೇವೆ. ಅದೇ 1965ರಲ್ಲಿ ಶುರುವಾದ ‘ಸುಧಾ’ ವಾರಪತ್ರಿಕೆಯ ಒಂದು ಪ್ರತಿ ನಮ್ಮೂರಿಗೆ ಬಂದರೆ ಏಳೆಂಟು ಮನೆ ಸುತ್ತುತ್ತಿತ್ತು. ಕೊನೆಯ ಮನೆ ಸೇರುವಷ್ಟರಲ್ಲಿ ಹೊದಿಕೆ ಹರಿದು, ಧಾರಾವಾಹಿಯ ಪುಟಗಳನ್ನು ಯಾರೋ ಕತ್ತರಿಸಿ ಇಟ್ಟುಕೊಂಡಿರುತ್ತಿದ್ದರು.

ಶನಿವಾರದ ಕೊನೆಯ ಪೀರಿಯಡ್

ನಾನು 1980ರ ಜೂನ್‌ನಲ್ಲಿ ಎಂಟನೆಯ ತರಗತಿಗೆ ಸೇರಿದೆ. ಶಾಲೆಗೆ ಆಗ ಐದು ವರ್ಷ. ಬೀರುವಿನಲ್ಲಿ ಇನ್ನೂರು ಪುಸ್ತಕ ಇದ್ದಿರಬಹುದು. ಅದರ ಉಸ್ತುವಾರಿ ನಮ್ಮ ಕನ್ನಡ ಮೇಷ್ಟ್ರದು. ಹೆಸರು ಹಾಕಬೇಡಿ ಎಂದು ಅವರ ಮನೆಯವರು ಕೇಳಿಕೊಂಡಿರುವುದರಿಂದ ಮೇಷ್ಟ್ರು ಎಂದಷ್ಟೇ ಕರೆಯುತ್ತೇನೆ. ಹಳೆಯ ವಿದ್ಯಾರ್ಥಿಗಳಿಗೆ ಯಾರೆಂದು ಗೊತ್ತೇ ಆಗುತ್ತದೆ.

ಶನಿವಾರ ಬೆಳಗಿನ ಶಾಲೆ. ಕೊನೆಯ ಪೀರಿಯಡ್‌ನಲ್ಲಿ ಮೇಷ್ಟ್ರು ಪಾಠ ಮಾಡುತ್ತಿರಲಿಲ್ಲ. ಆ ವಾರ ಪುಸ್ತಕ ಓದಿದವರು ಎದ್ದು ನಿಂತು ಅದರ ಬಗ್ಗೆ ಮಾತನಾಡಬೇಕು. ಕಥೆಯ ಕೊನೆ ಹೇಳುವಂತಿಲ್ಲ. ಚೆನ್ನಾಗಿಲ್ಲವೆಂದರೂ ಬೈಯುತ್ತಿರಲಿಲ್ಲ, ಏಕೆ ಚೆನ್ನಾಗಿಲ್ಲ ಎಂದು ಹೇಳಬೇಕಿತ್ತು. ಗಂಡುಹುಡುಗರಲ್ಲಿ ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳಿಗೆ ಜಗಳವೇ ನಡೆಯುತ್ತಿತ್ತು. ‘ಕಂಬನಿಯ ಕುಯಿಲು’ ಓದಿದವನು ‘ರಕ್ತರಾತ್ರಿ’ ಸಿಗುವವರೆಗೆ ಬೀರುವಿನ ಸುತ್ತ ಸುಳಿದಾಡುತ್ತಿದ್ದ. ಹೆಣ್ಣುಮಕ್ಕಳು ತ್ರಿವೇಣಿಯವರ ಕಾದಂಬರಿಗಳನ್ನು ಚೀಲದ ತಳದಲ್ಲಿಟ್ಟು ಒಯ್ಯುತ್ತಿದ್ದರು. ಸಣ್ಣವರಿಗೆ ‘ಭಾರತ-ಭಾರತಿ’ ಮಾಲೆಯ ಪುಟ್ಟ ಪುಸ್ತಕಗಳು.

ಇದಲ್ಲದೆ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಪುಸ್ತಕ ಹಿಂದಿರುಗಿಸುವವರು ಮುಂದೆ ಓದುವವರಿಗಾಗಿ ಅದರಲ್ಲಿ ಎರಡು ಸಾಲು ಬರೆಯಬೇಕು. ಯಾರ ಮಗ, ಯಾವ ಬೀದಿ ಎಂಬುದೇನೂ ಅದರಲ್ಲಿರಲಿಲ್ಲ. ಹೆಸರು, ತರಗತಿ, ಎರಡು ಸಾಲು ಅಷ್ಟೆ. ಜಗಲಿಯ ಕೆಳಗೆ, ಬೀದಿಯ ಆಚೆ ಬದಿಗೆ ನಿಂತು ಕೇಳುತ್ತಿದ್ದವರ ಮೊಮ್ಮಕ್ಕಳು ಬರೆದದ್ದನ್ನು ಜಗಲಿಯ ಮೇಲೆ ಕೂರುತ್ತಿದ್ದವರ ಮೊಮ್ಮಕ್ಕಳು ಓದಿ, ಅದನ್ನು ನಂಬಿ ಪುಸ್ತಕ ತೆಗೆದುಕೊಳ್ಳುತ್ತಿದ್ದರು. ಅದು ಎಷ್ಟು ದೊಡ್ಡ ಸಂಗತಿಯೆಂದು ಆಗ ನಮಗೆ ತಿಳಿದಿರಲಿಲ್ಲ. ಮೇಷ್ಟ್ರಿಗೆ ತಿಳಿದಿತ್ತು.

ಅಜ್ಜಿ ಕೇಳಿದ ‘ಗೃಹಭಂಗ’

ಒಂಬತ್ತನೆಯ ತರಗತಿಯಲ್ಲಿ ನಾನು ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಮನೆಗೆ ತಂದೆ. ಅಟ್ಟದಿಂದ ಕಾಯಿ ಇಳಿಸಿ ಕೊಬ್ಬರಿ ತೆಗೆಯುವ ಕಾಲ. ಸುಮಾರು ಒಂದು ವರ್ಷ ಅಟ್ಟದ ಮೇಲಿದ್ದ ಕಾಯಿ ಅಲುಗಾಡಿಸಿದರೆ ಒಳಗೆ ಕೊಬ್ಬರಿ ಲೊಡಲೊಡ ಎನ್ನುತ್ತದೆ. ಹಗಲು ಗಂಡಸರು ಸುಲಿದು ಹಾಕಿದ್ದನ್ನು ರಾತ್ರಿ ಅಜ್ಜಿ, ಅವ್ವ, ಚಿಕ್ಕವ್ವ ಕೂತು ಚಿಪ್ಪು ಒಡೆದು, ಉಂಡೆ ಚೂರಾಗದಂತೆ ಬಿಡಿಸುತ್ತಿದ್ದರು. ನಾನು ಲಾಟೀನಿನ ಹತ್ತಿರ ಓದುತ್ತಿದ್ದೆ. ಏನು ಓದುತ್ತಿದ್ದೀಯೆ, ಗಟ್ಟಿಯಾಗಿ ಓದು ಎಂದಳು ಅಜ್ಜಿ.

ಓದಿದೆ. ಊರಲ್ಲಿ ಇಲಿ ಬೀಳುವುದು, ಜನ ಮನೆಗೆ ಬೀಗ ಹಾಕಿ ಊರಾಚೆ ಶೆಡ್ಡು ಹಾಕಿಕೊಳ್ಳುವುದು, ನಂಜಮ್ಮನ ಬೆಳೆದ ಮಗಳು, ಮಗ ಒಬ್ಬರ ಹಿಂದೆ ಒಬ್ಬರು ಪ್ಲೇಗಿಗೆ ಹೋಗುವುದು. ಚಿಪ್ಪು ಒಡೆಯುವ ಸದ್ದು ನಿಂತಿತು. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: “ಇದ್ನ ಬರ್ದೋನು ನಮ್ ಕಡೆಯೋನೇ ಇರ್ಬೇಕು ಕಣ್ ಮಗ. ನಾವೂ ಹಿಂಗೇ ಊರು ಬಿಟ್ಟಿದ್ವಿ. ನನ್ ತಮ್ಮ ಶೆಡ್ಡಲ್ಲೇ ಹೋದ.”

ಅವಳಿಗೆ ಒಬ್ಬ ತಮ್ಮನಿದ್ದ ಎಂಬುದು ನಮ್ಮ ಮನೆಯಲ್ಲಿ ಅವತ್ತಿನವರೆಗೆ ಯಾರಿಗೂ ಗೊತ್ತಿರಲಿಲ್ಲ, ನಮ್ಮಪ್ಪನಿಗೂ.

ಅಜ್ಜಿಯ ಊಹೆ ಸರಿಯಾಗಿತ್ತು. ಭೈರಪ್ಪನವರ ಸಂತೇಶಿವರ ನಮ್ಮ ಗಡಿಗೆ ತಗುಲಿದ ಚನ್ನರಾಯಪಟ್ಟಣ ತಾಲ್ಲೂಕಿನದು. ಅವರೂ ಬಾಲ್ಯದಲ್ಲಿ ತಾಯಿಯನ್ನು, ಒಡಹುಟ್ಟಿದವರನ್ನು ಪ್ಲೇಗಿಗೆ ಕಳೆದುಕೊಂಡವರು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಆ ರೋಗ ಹಲವು ದಶಕ ಮತ್ತೆ ಮತ್ತೆ ಬಂತು. ಚರಿತ್ರೆಯ ಪುಸ್ತಕದಲ್ಲಿ ಅದು ಒಂದು ವಾಕ್ಯ. ನಮ್ಮ ಮನೆಯಲ್ಲಿ ಅದಕ್ಕೆ ಒಬ್ಬ ಹುಡುಗನ ಹೆಸರಿತ್ತು. 1970ರಲ್ಲಿ ಅಚ್ಚಾದ ಆ ಕಾದಂಬರಿ ಅದನ್ನು ಅಜ್ಜಿಯ ಬಾಯಿಂದ ಹೊರಡಿಸಿತು. 2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಆ ರಾತ್ರಿ.

ಬೀಗ

ಆ ಪುಸ್ತಕವನ್ನು ನಾನು ಶಾಲೆಗೆ ಹಿಂದಿರುಗಿಸಲಿಲ್ಲ. ಅಜ್ಜಿ ಎರಡನೆಯ ಸಲ ಓದಿಸಿದಳು. ನಂತರ ಚಿಕ್ಕಪ್ಪನ ಮಗಳು ಓದಿ ಕೊಡುತ್ತೇನೆಂದು ಚಿಕ್ಕನಾಯಕನಹಳ್ಳಿ ಕಡೆಯ ಗಂಡನ ಮನೆಗೆ ಒಯ್ದಳು. ಅಲ್ಲಿಂದ ಅವಳ ನಾದಿನಿಗೆ, ನಾದಿನಿಯಿಂದ ಇನ್ನೆಲ್ಲಿಗೋ. ನನ್ನ ಎಸ್ಸೆಸ್ಸೆಲ್ಸಿ 1983ರಲ್ಲಿ ಮುಗಿಯಿತು. ಟಿ.ಸಿ. ಕೊಡುವಾಗ ಮೇಷ್ಟ್ರು ಪುಸ್ತಕದ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಮುಂದೆ ನಾನೂ ಮೇಷ್ಟ್ರಾದೆ. ಬೇರೆ ತಾಲ್ಲೂಕಿನ ಶಾಲೆಯೊಂದರಲ್ಲಿ ಗ್ರಂಥಾಲಯದ ಉಸ್ತುವಾರಿ ನನಗೆ ಬಂದಾಗ ವಿಷಯ ಅರ್ಥವಾಯಿತು. ವರ್ಷಕ್ಕೊಮ್ಮೆ ಸ್ಟಾಕ್ ರಿಜಿಸ್ಟರ್ ಹಿಡಿದು ಪುಸ್ತಕ ಎಣಿಸುತ್ತಾರೆ. ಕಡಿಮೆ ಬಿದ್ದರೆ ಉಸ್ತುವಾರಿ ಮೇಷ್ಟ್ರು ತುಂಬಿಕೊಡಬೇಕು. ಎಷ್ಟೋ ಶಾಲೆಗಳ ಬೀರು ಬೀಗ ಹಾಕಿಯೇ ಇರುವುದು ಈ ಅಂಜಿಕೆಯಿಂದ. ಕಳೆದುಹೋದ ‘ಗೃಹಭಂಗ’ಕ್ಕೆ ನಮ್ಮ ಮೇಷ್ಟ್ರು ಕೈಯಿಂದ ಹಣ ಕಟ್ಟಿದ್ದರೆಂದು ಅವರ ಜೊತೆಗಿದ್ದ ಶಿಕ್ಷಕರೊಬ್ಬರು ಆಮೇಲೆ ನನಗೆ ಹೇಳಿದರು. ಅಷ್ಟಾದರೂ ಅವರು ಬೀಗ ಹಾಕಲಿಲ್ಲ.

ನಾನು ಹಾಕಿದೆ. ಒಂದು ಸಲ ನಾಲ್ಕು ಪುಸ್ತಕ ಕಡಿಮೆ ಬಿದ್ದ ಮೇಲೆ ಕೀಲಿಯನ್ನು ಜೇಬಿನಲ್ಲೇ ಇಟ್ಟುಕೊಂಡೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ಕಾದಂಬರಿ ಕೇಳಿದಳು. ಮುಂದಿನ ವಾರ ನೋಡೋಣ ಎಂದೆ. ಮೂರು ಸಲ ಕೇಳಿದಳು, ಮೂರು ಸಲವೂ ಹಾಗೇ ಹೇಳಿದೆ. ಪರೀಕ್ಷೆ ಮುಗಿದು, ಬೇಸಿಗೆಯಲ್ಲೇ ಅವಳ ಮದುವೆಯೂ ಆಯಿತು. ಆ ಪುಸ್ತಕ ಇವತ್ತಿಗೂ ಅಲ್ಲಿ ಹೊಸದಾಗಿಯೇ ಇರಬಹುದು. ಒಂದು ಪುಸ್ತಕ ಕಳೆದರೆ ರಿಜಿಸ್ಟರಿನಲ್ಲಿ ಲೆಕ್ಕ ಸಿಗುತ್ತದೆ. ಒಬ್ಬ ಓದುಗಳು ಕಳೆದುಹೋದದ್ದಕ್ಕೆ ಯಾವ ಕಾಲಮ್ಮೂ ಇಲ್ಲ.

ಒಂದು ಕೋರಿಕೆ

ಈಗ ಕಾಲ ಮತ್ತೆ ಬದಲಾಗಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿದೆ. ಪುಸ್ತಕಗಳಿವೆ, ಕೆಲವು ಕಡೆ ಕಂಪ್ಯೂಟರೂ ಇದೆ. ಇದನ್ನು ಓದು, ಚೆನ್ನಾಗಿದೆ ಎಂದು ಹೇಳುವ ಇನ್ನೊಬ್ಬ ಓದುಗ ಮಾತ್ರ ಎಲ್ಲ ಕಡೆ ಸಿಗುತ್ತಿಲ್ಲ.

ಆದ್ದರಿಂದ ಸುವರ್ಣ ಮಹೋತ್ಸವಕ್ಕೆ ಬರುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಹಾರ, ಶಾಲು ಬೇಡ. ನಿಮಗೆ ಇಷ್ಟವಾದ ಒಂದು ಪುಸ್ತಕ ತನ್ನಿ. ಅದರ ಬಗ್ಗೆ ಎರಡು ಸಾಲು ಬರೆದು ತನ್ನಿ. ಶನಿವಾರದ ಕೊನೆಯ ಪೀರಿಯಡ್ ಮತ್ತೆ ನಡೆಯಲಿ ಎಂದು ಈಗಿನ ಶಿಕ್ಷಕರನ್ನು ಕೇಳಿಕೊಳ್ಳೋಣ. ಪುಸ್ತಕ ಕಡಿಮೆ ಬಿದ್ದರೆ ಆ ಲೆಕ್ಕ ಉಸ್ತುವಾರಿ ಮೇಷ್ಟ್ರ ಸಂಬಳದ ಮೇಲೆ ಬೀಳದಂತೆ ಹಳೆಯ ವಿದ್ಯಾರ್ಥಿಗಳು ಒಂದು ಸಣ್ಣ ನಿಧಿ ಕೂಡಿಸೋಣ. ಮೊದಲ ಹಣ ನನ್ನದು.

‘ಗೃಹಭಂಗ’ ಹನ್ನೊಂದು ವರ್ಷಗಳ ನಂತರ ನನ್ನ ಕೈಗೆ ಹಿಂದಿರುಗಿತು. ಅಷ್ಟರಲ್ಲಿ ಅಜ್ಜಿಯೂ ಇರಲಿಲ್ಲ, ಮೇಷ್ಟ್ರೂ ಇರಲಿಲ್ಲ. ರಟ್ಟು ಕಿತ್ತಿದೆ, ಅಲ್ಲಲ್ಲಿ ಎಣ್ಣೆ, ಅರಿಶಿನದ ಕಲೆ. ಕೊನೆಯ ಖಾಲಿ ಪುಟದಲ್ಲಿ ನಾನು ಕಾಣದ ನಾಲ್ಕು ಹೆಂಗಸರ ಕೈಬರಹದಲ್ಲಿ ಎರಡೆರಡು ಸಾಲುಗಳಿವೆ. ನಮ್ಮ ಶಾಲೆಯ ಮೊಹರು ಮಸುಕಾದರೂ ಓದಲು ಬರುತ್ತದೆ. ಸಮಾರಂಭದ ದಿನ ಅದನ್ನು ಬೀರುವಿಗೆ ಒಪ್ಪಿಸುತ್ತೇನೆ. ತಡವಾದದ್ದಕ್ಕೆ ಮೇಷ್ಟ್ರ ಕ್ಷಮೆ ಇರಲಿ.