ಕತ್ತಿಯ ಊರು ಯಾವುದು?

ನಮಗೆ ಚರಿತ್ರೆ ಕಲಿಸಿದ ಮೇಷ್ಟ್ರು ಗೋಡೆಗೆ ಭೂಪಟ ತೂಗುಹಾಕದೆ ಪಾಠ ಶುರು ಮಾಡುತ್ತಿರಲಿಲ್ಲ. ನಾವು ಏನೇ ಉತ್ತರ ಹೇಳಿದರೂ "ಅದು ನಿನಗೆ ಹೇಗೆ ಗೊತ್ತು?" ಎಂದು ಕೇಳುತ್ತಿದ್ದರು. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಬಿಡುವಿನಲ್ಲಿ ಹಳೆಯ ಆಯುಧಗಳ ಬಗ್ಗೆ ಓದುವುದು ನನ್ನ ಹವ್ಯಾಸ. ಅದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ವಿಯೆಟ್ನಾಮಿನ ಕತ್ತಿಗಳು.

ಆ ದೇಶದ ಹನೋಯಿ ನಗರದ ನಡುವೆ ಒಂದು ಕೆರೆಯಿದೆ. ಹೆಸರು ಹೋನ್ ಕಿಯೆಮ್, ಅಂದರೆ 'ಹಿಂದಿರುಗಿಸಿದ ಕತ್ತಿ'. ಚೀನಾದ ಮಿಂಗ್ ಸೈನ್ಯವನ್ನು ಹೊರಗಟ್ಟಿ 1428ರಲ್ಲಿ ಪಟ್ಟವೇರಿದ ಲೇ ಲೋಯಿ, ತನಗೆ ಒಲಿದಿದ್ದ ದಿವ್ಯ ಖಡ್ಗವನ್ನು ಆ ಕೆರೆಯ ಆಮೆಗೆ ಹಿಂದಿರುಗಿಸಿದನೆಂದು ಐತಿಹ್ಯ. ಆದರೆ ಆ ನಾಡಿನ ಎಷ್ಟೋ ನಿಜವಾದ ಕತ್ತಿಗಳು ಹಿಂದಿರುಗಲೇ ಇಲ್ಲ. 1885ರ ಜುಲೈನಲ್ಲಿ ಫ್ರೆಂಚ್ ಸೈನ್ಯ ರಾಜಧಾನಿ ಹುಯೆಯ ಅರಮನೆಯನ್ನು ಸೂರೆ ಮಾಡಿತು. 1802ರಲ್ಲಿ ದೇಶವನ್ನು ಒಂದುಗೂಡಿಸಿದ ಚಕ್ರವರ್ತಿ ಜಾ ಲಾಂಗ್‌ನ ಕತ್ತಿ ಇಂದು ಪ್ಯಾರಿಸ್ಸಿನ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ರಾಜನ ಕತ್ತಿಗೆ ಹೆಸರಾದರೂ ಉಳಿಯಿತು. ಸೈನಿಕರು, ಅಧಿಕಾರಿಗಳು ನೆನಪಿಗೆಂದು ಒಯ್ದ ಕತ್ತಿಗಳಿಗೆ ಉಳಿದದ್ದು 'ಅನ್ನಾಮ್' ಎಂಬ ಚೀಟಿ ಮಾತ್ರ.

ಆ ಚೀಟಿಯೇ ಮೊದಲ ತೊಡಕು. ಫ್ರೆಂಚರು ದೇಶವನ್ನು ಉತ್ತರಕ್ಕೆ ಟೋಂಕಿನ್, ನಡುವೆ ಅನ್ನಾಮ್, ದಕ್ಷಿಣಕ್ಕೆ ಕೊಚಿನ್‌ಚೀನಾ ಎಂದು ಮೂರು ಭಾಗ ಮಾಡಿದ್ದರು. ಮಾತಿನಲ್ಲಿ ಮಾತ್ರ ಇಡೀ ದೇಶವನ್ನೂ ಅನ್ನಾಮ್ ಎಂದೇ ಕರೆಯುತ್ತಿದ್ದರು. ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,650 ಕಿ.ಮೀ. ಉದ್ದದ ನಾಡು ಅದು. ಚೀಟಿ ನಂಬಿದರೆ ಕತ್ತಿ ಮಾಡಿದವನ ಊರು ಸಿಗುವುದಿಲ್ಲ.

ಹಾಗಾದರೆ ಪತ್ತೆ ಹೇಗೆ? ಅಲಗು, ಹಿಡಿ, ಒರೆ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ಒರೆಯ ಮರದಲ್ಲಿ ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿ ಹೂಬಳ್ಳಿ ಬಿಡಿಸಿದ್ದರೆ ಮೊದಲು ಉತ್ತರದ ಕಡೆ ನೋಡಬೇಕು. ಈ ಕುಸುರಿಗೆ ಹನೋಯಿಯ ಹಾಂಗ್ ಖಾಯ್ ಬೀದಿ ಹೆಸರಾಗಿತ್ತು. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸ ನೋಡಿದವರಿಗೆ ಇದರ ಸೂಕ್ಷ್ಮ ತಿಳಿದೀತು.

ಅಲಗು ನೇರವಾಗಿದ್ದು ಎರಡೂ ಕಡೆ ಹರಿತವಿದ್ದರೆ ಅದು 'ಕಿಯೆಮ್'. ಆ ಹೆಸರೂ ರೂಪವೂ ಚೀನಾದಿಂದ ಬಂದವು. ಬಾಗಿದ ಅಲಗಿಗೆ, ಎರಡು ಕೈಯಲ್ಲಿ ಹಿಡಿಯುವ ಉದ್ದ ಹಿಡಿಗೆ ಜಪಾನಿನ ನಂಟಿರಬಹುದು. 17ನೇ ಶತಮಾನದ ಆರಂಭದಲ್ಲಿ ನಡುನಾಡಿನ ಹೋಯಿ ಆನ್ ಬಂದರಿನಲ್ಲಿ ಜಪಾನಿ ವರ್ತಕರ ಕೇರಿಯೇ ಇತ್ತು. 1635ರಲ್ಲಿ ಜಪಾನ್ ತನ್ನ ಜನರ ವಿದೇಶಯಾನ ನಿಲ್ಲಿಸಿತು. ಅವರ ಕತ್ತಿಯ ರೂಪ ಇಲ್ಲಿ ಉಳಿಯಿತು. ಬೆರಳುಗಳನ್ನು ಕಾಯುವ ಬಾಗಿದ ಪಟ್ಟಿ, ಹಿಡಿಯ ತುದಿಗೆ ಸಿಂಹದ ತಲೆ ಇದ್ದರೆ ಯುರೋಪಿನ ಪ್ರಭಾವ ಎನ್ನಬಹುದು.

ಕೈತಡೆಯೇ ಇಲ್ಲದ, ಉದ್ದ ಹಿಡಿಯ ಕತ್ತಿಗಳದ್ದು ಬೇರೆಯೇ ದಾರಿ. ಅವು ಲಾವೋಸ್, ಥಾಯ್, ಬರ್ಮಾ ನಾಡುಗಳ 'ದಾ' ಕತ್ತಿಯ ಬಳಗ. ನಡುಮಲೆನಾಡಿನ ಜರಾಯ್, ಎಡೆ ಮುಂತಾದ ಜನರಲ್ಲಿ ಇಂಥವು ಇದ್ದವು. ಜರಾಯ್ ಜನರ 'ಅಗ್ನಿರಾಜ' ಒಂದು ಪವಿತ್ರ ಖಡ್ಗದ ಕಾವಲುಗಾರ. ಹೊರಗಿನವರು ಅದನ್ನು ನೋಡುವಂತಿರಲಿಲ್ಲ. ಅದನ್ನು ತೋರಿಸೆಂದು ಕೇಳಿದ ಫ್ರೆಂಚ್ ಅಧಿಕಾರಿ ಓಡೆಂಡಾಲ್ 1904ರಲ್ಲಿ ಅಲ್ಲಿ ಕೊಲೆಯಾದ. ಆದರೆ ವಾಯವ್ಯ ಗುಡ್ಡಗಳ ತಾಯ್ ಜನರಲ್ಲೂ 'ದಾ' ಬಳಗದ ಕತ್ತಿಗಳಿವೆ. ಆದ್ದರಿಂದ ಆಕಾರವೊಂದನ್ನೇ ನೋಡಿ ಊರು ಹೇಳಲಾಗದು.

ನಾನೂ ಒಮ್ಮೆ ಎಡವಿದ್ದೇನೆ. ಚಿಪ್ಪಿನ ಒರೆಯ ಕತ್ತಿಯೊಂದರ ಚಿತ್ರ ನೋಡಿದೊಡನೆ "ಇದು ಟೋಂಕಿನ್ನಿನದು" ಎಂದು ಗೆಳೆಯನಿಗೆ ಖಚಿತವಾಗಿ ಹೇಳಿಬಿಟ್ಟೆ. ಕೆಲವು ದಿನಗಳ ನಂತರ ಹಿಡಿ ಬಿಚ್ಚಿದ ಚಿತ್ರ ಸಿಕ್ಕಿತು. ಅಲಗು ಜಪಾನಿನದಾಗಿತ್ತು! ಹಾಗೆಂದು ಕತ್ತಿ ಕೃತಕವೇನಲ್ಲ. ಕಡಲು ದಾಟಿ ಬಂದ ಅಲಗಿಗೆ ಅಲ್ಲಿಯ ಕುಶಲಕರ್ಮಿ ಒರೆ ತೊಡಿಸಿದ್ದ. ಒಂದೇ ಕತ್ತಿಗೆ ಎರಡು ಊರು. "ಹೇಗೆ ಗೊತ್ತು?" ಎಂದು ನನ್ನನ್ನೇ ಕೇಳಿಕೊಂಡಿದ್ದರೆ ಒರೆಯ ಊರನ್ನು ಮಾತ್ರ ಹೇಳಿ ಸುಮ್ಮನಾಗುತ್ತಿದ್ದೆ.

ಕತ್ತಿಯನ್ನು ಒಯ್ದವನ ಹೆಸರು ದಾಖಲೆಯಲ್ಲಿ ಸಿಗುತ್ತದೆ. ಕುಲುಮೆಯ ಮುಂದೆ ಬೆವರು ಸುರಿಸಿದವನ, ಚಿಪ್ಪು ಕೊರೆದು ಕೂರಿಸಿದವನ ಹೆಸರು ಎಲ್ಲೂ ಇಲ್ಲ. ಅವನ ಸೀಮೆಯನ್ನಾದರೂ ಸರಿಯಾಗಿ ಗುರುತಿಸಿದರೆ ಅವನಿಗೆ ಸಲ್ಲಬೇಕಾದದ್ದು ಸ್ವಲ್ಪವಾದರೂ ಸಲ್ಲುತ್ತದೆ.

ನಮ್ಮೂರ ಅಟ್ಟಗಳಲ್ಲೂ ಹಳೆಯ ಕುಡುಗೋಲು, ಸೇರು, ಪಾವು, ಈಳಿಗೆಮಣೆ ಇವೆ. ಯಾರು ಮಾಡಿದ್ದು, ಯಾವ ಸಂತೆಯಲ್ಲಿ ಕೊಂಡದ್ದು ಎಂದು ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಈಗಿನ ವಿದ್ಯಾರ್ಥಿಗಳು ಅವರನ್ನು ಕೇಳಿ, ಒಂದು ಚೀಟಿ ಬರೆದು ಕಟ್ಟಿಡಲಿ. ಚೀಟಿಯ ಕೊನೆಗೆ, ಹೇಳಿದವರು ಯಾರು ಎಂಬುದನ್ನೂ ಬರೆಯಲಿ. ನಮ್ಮ ಮೇಷ್ಟ್ರು ಮೊದಲು ಕೇಳುತ್ತಿದ್ದುದು ಅದನ್ನೇ.